ಎಡಗಾಲು

ಬ್ಲೀಚಿಂಗ್ ಪುಡಿಯ ವಾಸನೆ ನನಗೆ ಎಳವೆಯಿಂದ ಗೊತ್ತು. ಜ್ವರ ಬಂದು ನಮ್ಮ ಚರ್ಚಿನ ಆಸ್ಪತ್ರೆಯಲ್ಲಿ ಮಲಗಿಸಿದಾಗ ಮೂಗಿಗೆ ಹತ್ತಿದ್ದು ಅದೇ. ಹಾಸಿದ್ದರಲ್ಲಿ ಅದೇ, ಹೊದಿಸಿದ್ದರಲ್ಲಿ ಅದೇ, ಹಣೆ ಮುಟ್ಟಿ ನೋಡುವ ಸಿಸ್ಟರ್ ತೋಳಿನಲ್ಲೂ ಅದೇ. ಅಮ್ಮ ದುಪ್ಪಟಿಯ ಅಂಚು ಸವರಿ, "ನೋಡು, ಹಾಲಿನ ಕೆನೆ ಹಾಗಿದೆ" ಅಂದಳು. ಸ್ವರ್ಗದಲ್ಲೂ ಹಾಸಿಗೆ ಹೀಗೇ ಇರುತ್ತದೆ, ಹೀಗೇ ವಾಸನೆ ಬರುತ್ತದೆ ಎಂದು ನಾನು ನಂಬಿದ್ದೆ.

ಸ್ವರ್ಗದ ಹಿಂಬಾಗಿಲು ನೋಡಿದ್ದು ಟೀಚರ್ ಕೆಲಸದಿಂದ ನಿವೃತ್ತಳಾಗಿ ಮುದುಕಿಯಾದ ಮೇಲೆ.

ಆಸ್ಪತ್ರೆಯ ಬೆನ್ನಿಗೆ, ಹೆಣದ ಕೋಣೆಯ ಪಕ್ಕಕ್ಕೆ, ಒಗೆಯುವ ಮನೆ ಇದೆ. ತಗಡಿನ ಮಾಡು. ಸಾಲಾಗಿ ಸಿಮೆಂಟಿನ ತೊಟ್ಟಿಗಳು. ನೆಲ ನಡುವೆ ತಗ್ಗು, ಮೋರಿ ಅದಕ್ಕಿಂತ ಎತ್ತರ. ಕಟ್ಟಿದವನು ಅಳತೆ ತಪ್ಪಿದ. ತಪ್ಪಿದ್ದು ಅವನು, ನೀರಲ್ಲಿ ನಿಲ್ಲುವವರು ಬಟ್ಟೆ ಒಗೆಯುವವರು. ತೊಟ್ಟಿಯಿಂದ ಉಕ್ಕಿದ ಬ್ಲೀಚಿಂಗ್ ನೀರಿಗೆ ಹೋಗಲು ದಾರಿಯಿಲ್ಲ. ಅದು ಕಾಲಗಂಟಿನವರೆಗೆ ನಿಂತಿರುತ್ತದೆ. ಹೆಂಗಸರೂ ಅದರಲ್ಲಿ ನಿಂತಿರುತ್ತಾರೆ, ಬರಿಗಾಲಲ್ಲಿ. ಚಪ್ಪಲಿ ಹಾಕಿದರೆ ಸೋಪಿನ ನೀರಿಗೆ ಜಾರುತ್ತದೆ. ಹಾಗೆ ಜಾರಿ ಒಬ್ಬಳ ಸೊಂಟ ಮುರಿದಿದೆ.

ರಕ್ತದ ಬಟ್ಟೆ ಮೊದಲು ತಣ್ಣೀರಿಗೆ. ಬಿಸಿನೀರು ತಾಗಿದರೆ ಕಲೆ ಕಚ್ಚಿಕೊಳ್ಳುತ್ತದೆ. ಹೇಲು ಮೆತ್ತಿದ್ದನ್ನು ಕೈಯಿಂದ ಕೆರೆಯಬೇಕು. ಆಮೇಲೆ ಕುದಿಸುವುದು, ಕೋಲಿನಿಂದ ಎತ್ತಿ ಬ್ಲೀಚಿಂಗ್ ತೊಟ್ಟಿಗೆ ಹಾಕುವುದು, ಒಳಗಿಳಿದು ತುಳಿಯುವುದು. ಒಗೆಯುವ ಯಂತ್ರ ಕೆಟ್ಟು ಮೂಲೆ ಸೇರಿದೆ. ಅದರೊಳಗೆ ಬೆಕ್ಕು ಮರಿ ಹಾಕಿದೆ. ಈಗ ಹೆಂಗಸರ ಕಾಲೇ ಯಂತ್ರ. ನೆನೆದ ದುಪ್ಪಟಿಯನ್ನು ಇಬ್ಬರು ಎದುರುಬದುರು ಹಿಡಿದು ತಿರುಚುವಾಗ ಅವರ ಕತ್ತಿನ ನರ ಹಗ್ಗದ ಹಾಗೆ ಎದ್ದು ನಿಲ್ಲುತ್ತದೆ.

ಅವರಲ್ಲಿ ಒಬ್ಬಳನ್ನು ಎಲ್ಲರೂ ದೊಡ್ಡಕ್ಕ ಅನ್ನುತ್ತಿದ್ದರು. ವಯಸ್ಸಿಗಿಂತ ಬಾಯಿಂದ ದೊಡ್ಡಕ್ಕ. ಅವಳ ಜೊತೆ ದುಪ್ಪಟಿಯ ಇನ್ನೊಂದು ತುದಿ ಹಿಡಿಯುತ್ತಿದ್ದವಳು ಅವಳ ನಾದಿನಿ, ಗಂಡನ ತಂಗಿ. ಹಿಂಡುವಾಗ ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಿದ್ದರು.

"ಗಟ್ಟಿಯಾಗಿ ತಿರುಚೇ, ನಿನ್ನಣ್ಣನ ಕಿವಿ ಅಂದ್ಕೋ."

"ನಮ್ಮಣ್ಣನ ಕಿವಿ ತಿರುಚಿ ತಿರುಚಿ ನೀನು ಕಿತ್ತೇಬಿಟ್ಟಿದೀಯಲ್ಲ ಅತ್ತಿಗೆ, ನನಗೇನು ಉಳಿಸಿದೀಯ?"

ನೀರು ಧಾರೆಯಾಗಿ ಅವರ ಕಾಲ ಮೇಲೆ ಬೀಳುತ್ತಿತ್ತು.

ತುಳಿಯುವಾಗ ದೊಡ್ಡಕ್ಕ ಭಾರ ಹಾಕುತ್ತಿದ್ದದ್ದು ಎಡಗಾಲಿಗೆ. ಮೊದಲು ಬೆರಳ ಸಂದು ಬೆಳ್ಳಗೆ ನೆನೆದ ಕಾಗದದ ಹಾಗಾಯಿತು. ಆಮೇಲೆ ಸೀಳಿತು. ಆಮೇಲೆ ವಾಸನೆ ಬಂತು. ಮೈಯಲ್ಲಿ ಸಕ್ಕರೆ ಕಾಯಿಲೆಯೂ ಇತ್ತು. ಕಿರುಬೆರಳು ಕಪ್ಪಾದಾಗ ಆಸ್ಪತ್ರೆಯ ಡಾಕ್ಟರು ನೋಡಿ, "ಇದಕ್ಕೆ ನೀರು ತಾಗಿಸಬೇಡ. ಒಣಗಿರಬೇಕು. ಇಲ್ಲದಿದ್ರೆ ಬೆರಳು ಹೋಗುತ್ತೆ, ಬೆರಳಾದ ಮೇಲೆ ಕಾಲು" ಅಂದರು.

"ನೀರು ತಾಗಿಸ್ದೆ ಏನ್ಮಾಡ್ಲಿ ಡಾಕ್ಟ್ರೇ? ಗಾಳೀಲಿ ಒಗೀಲಾ?"

ಡಾಕ್ಟರು ಮುಲಾಮನ್ನು ಚೀಟಿ ಬರೆಯದೆ ತಮ್ಮ ಮೇಜಿನ ಖಾನೆಯಿಂದಲೇ ತೆಗೆದು ಕೊಟ್ಟರು. ಅದನ್ನೂ ಹೇಳಬೇಕು.

ಬೇಕಾಗಿದ್ದು ರಬ್ಬರಿನ ಬೂಟು. ಮೊಣಕಾಲವರೆಗೆ ಬರುವಂಥದ್ದು, ಜಾರದ ಅಟ್ಟೆ ಇರುವಂಥದ್ದು. ದೊಡ್ಡಕ್ಕ ಆಸ್ಪತ್ರೆ ನಡೆಸುವ ಮದರ್ ಹತ್ತಿರ ಹೋದಳು.

"ಬೇಡಿಕೆ ಗೀಡಿಕೆ ಅನ್ನಬೇಡ ಮಗಳೇ," ಅಂದರು ಮದರ್. "ನಾವೇನು ಕಂಪನಿಯಾ? ನಾವೆಲ್ಲ ಒಂದು ಕುಟುಂಬ."

"ಹಾಗಾದ್ರೆ ಮನೆಮಗಳು ಅಂದ್ಕೊಂಡೇ ಒಂದು ಜೊತೆ ಕೊಡಿಸಿ ಮದರ್."

"ಮುಂದಿನ ವರ್ಷ ಮೋರೀನೇ ರಿಪೇರಿ ಮಾಡಿಸ್ತೀವಿ. ಆಗ ಬೂಟು ಯಾಕೆ?"

ಮುಂದಿನ ವರ್ಷ ಎಂಬುದು ನಮ್ಮ ಚರ್ಚಿನಲ್ಲಿ ಎಂದೂ ತಪ್ಪದೆ ಇರುವ ವರ್ಷ.

ಬಲಿಪೀಠದ ಬಟ್ಟೆಗಳೂ ಅಲ್ಲಿಯೇ ಒಗೆಯಲು ಬರುತ್ತಿದ್ದವು. ಅದಕ್ಕೆ ಬೇರೆ ತೊಟ್ಟಿ, ಬೇರೆ ಸೋಪು. ಪರಮಪ್ರಸಾದದ, ಅಂದರೆ ಕ್ರಿಸ್ತನ ದೇಹವೆಂದು ಹಂಚುವ ರೊಟ್ಟಿಯ, ಚೂರು ಅಂಟಿರಬಹುದು ಎಂದು ಆ ಬಟ್ಟೆ ಅದ್ದಿದ ಮೊದಲ ನೀರನ್ನು ಮೋರಿಗೆ ಬಿಡುವಂತಿಲ್ಲ. ಬಕೆಟ್ಟಿನಲ್ಲಿ ಹೊತ್ತು, ಚರ್ಚಿನ ಹಿಂದಿನ ತೋಟದಲ್ಲಿ, ಯಾರೂ ತುಳಿಯದ ಮಣ್ಣಿಗೆ ಹಾಕಬೇಕು. ದೊಡ್ಡಕ್ಕ ಕುಂಟಿಕೊಂಡು ಹೊರುತ್ತಿದ್ದಳು. "ನೀರಿಗಿರೋ ಮರ್ಯಾದೆ ನೋಡಿ ಟೀಚರಮ್ಮ," ಅಂದಳು ಒಮ್ಮೆ. "ಮುಂದಿನ ಜನ್ಮ ಅಂತ ಇದ್ರೆ ಬಟ್ಟೆ ನೆನೆಸಿದ ನೀರಾಗಿ ಹುಟ್ಬೇಕು."

ನಾನು ಒಗೆಯುವ ಮನೆಗೆ ಹೋಗತೊಡಗಿದ್ದು ಸಣ್ಣ ಫಾದರ್ ದೆಸೆಯಿಂದ. ಅವರು ಹೊಸದಾಗಿ ಬಂದ ಎಳೆ ಗುರು. ನಮ್ಮಲ್ಲಿ ಆಗಲೇ ಒಬ್ಬ ದೊಡ್ಡ ಫಾದರ್ ಇದ್ದದ್ದರಿಂದ ಇವರು ಸಣ್ಣ ಫಾದರ್ ಆದರು. ಕೆಲಸ ಮುಗಿದ ಮೇಲೆ ಇಸ್ತ್ರಿ ಕೋಣೆಯಲ್ಲಿ ಹೆಂಗಸರನ್ನು ಕೂರಿಸಿ ಬೈಬಲ್ ಓದಿಸುತ್ತಿದ್ದರು. ಓದು ಬಾರದವರಿಗೆ ಓದಿ ಹೇಳಲು ನಾನು. ವಿಮೋಚನಾ ದೈವಶಾಸ್ತ್ರ ಎಂಬ ಮಾತನ್ನು ಅವರು ಅಲ್ಲಿ ಒಂದೇ ಒಂದು ಸಲ ಆಡಿದರು. ಹೆಂಗಸರ ಮುಖ ನೋಡಿ ನಕ್ಕು, ಹೀಗೆ ಬಿಡಿಸಿದರು: "ದೇವರು ಮೇಲೆ ಕೂತು ಎಲ್ಲರನ್ನೂ ಸಮನಾಗಿ ನೋಡ್ತಾನೆ ಅಂತ ನಿಮಗೆ ಹೇಳಿಕೊಟ್ಟಿದಾರೆ. ಸುಳ್ಳು. ಈಜಿಪ್ಟಿನಲ್ಲಿ ಫರೋಹ ದೊರೆಗೆ ಇಟ್ಟಿಗೆ ಹೊರೋರ ಕೂಗು ಕೇಳಿ ಕೆಳಗೆ ಇಳಿದು ಬಂದ ಅಂತ ಇಲ್ಲಿ ಬರೆದಿದೆ. ಇಳಿದವನು ಇಟ್ಟಿಗೆ ಹೊರೋರ ಪಕ್ಕ ನಿಂತ. ಹೊರಿಸೋರ ಪಕ್ಕ ಅಲ್ಲ."

"ಇಲ್ಲಿಗೂ ಬರ್ತಾನಾ?" ಅಂದಳು ನಾದಿನಿ. "ಬರೋದಾದ್ರೆ ಬೂಟು ಹಾಕ್ಕೊಂಡು ಬರೋಕೆ ಹೇಳಿ."

ಇಸ್ತ್ರಿ ಕೋಣೆ ಬಿದ್ದು ಬಿದ್ದು ನಕ್ಕಿತು. ಸಣ್ಣ ಫಾದರ್ ನಗಲಿಲ್ಲ. ಅವರು ಆ ಮಾತನ್ನು ಹೊತ್ತುಕೊಂಡು ಹೋಗಿ ಚರ್ಚಿನ ಹಿರಿಯರ ಸಭೆಯಲ್ಲಿ ಇಟ್ಟರು. ನಮ್ಮ ಒಗೆಯುವ ಮನೆ ಯಾರ ರಾಜ್ಯದಲ್ಲಿದೆ, ದೇವರ ರಾಜ್ಯದಲ್ಲೋ ಫರೋಹನ ರಾಜ್ಯದಲ್ಲೋ ಎಂದು ಕೇಳಿದರು. ಬೇಸಿಗೆ ಮುಗಿಯುವ ಮೊದಲೇ ಅವರಿಗೆ ವರ್ಗವಾಯಿತು. ಹೆಚ್ಚಿನ ಓದಿಗೆ ಎಂದು ಪ್ರಕಟಿಸಿದರು. ಓದಿದ್ದು ಹೆಚ್ಚಾಗಿದ್ದಕ್ಕೆ ಹೆಚ್ಚಿನ ಓದಿನ ಶಿಕ್ಷೆ. ಹೋಗುವ ದಿನ ಅವರು ಒಗೆಯುವ ಮನೆಗೆ ಬಂದು, ಪ್ಯಾಂಟು ಮಡಿಚಿ, ಬರಿಗಾಲಲ್ಲಿ ಆ ನೀರಿಗಿಳಿದು ಒಬ್ಬೊಬ್ಬರಿಗೂ ಕೈ ಮುಗಿದರು. ದೊಡ್ಡಕ್ಕ ಗದರಿದಳು: "ಹೋಗಪ್ಪಾ, ಹೋಗು. ಕಾಲು ಹಾಳ್ಮಾಡ್ಕೋಬೇಡ. ನಡಿಯೋದು ಬಹಳ ಇದೆ ನಿನಗೆ."

ಅವರನ್ನು ಕಳಿಸಿದ ಮೇಲೆ ಚರ್ಚಿನ ಸಭಾಂಗಣದಲ್ಲಿ ವಿಚಾರ ಸಂಕಿರಣ ಇಟ್ಟರು. ಬಾಗಿಲ ಮೇಲೆ ಬಟ್ಟೆಯ ಬ್ಯಾನರು: 'ವಿಮೋಚನಾ ದೈವಶಾಸ್ತ್ರ ಮತ್ತು ಇಂದಿನ ಸಭಾಜೀವನ.' ದೂರದಿಂದ ವಿದ್ವಾಂಸರು ಬಂದರು. ಒಬ್ಬರು ಬಡವರು ಅನ್ನುವಾಗಲೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಕುರ್ಚಿಗಳಿಗೆ ಬಿಳಿ ಗವಸು ತೊಡಿಸಿದ್ದರು. ಅಷ್ಟನ್ನೂ ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿದ್ದು ದೊಡ್ಡಕ್ಕನ ಗುಂಪು. ಕೊನೆಯ ಗವಸುಗಳನ್ನು ಹೊತ್ತು ತಂದವಳು ಬಾಗಿಲ ಹೊರಗೇ ನಿಂತು ನನ್ನನ್ನು ಕರೆದಳು.

"ಒಳಗೆ ಏನಂತೆ ಟೀಚರಮ್ಮ?"

"ದೇವರು ಬಡವರ ಪಕ್ಷವಂತೆ."

"ಹೌದಾ? ನಮ್ಮ ಪಕ್ಷಕ್ಕೆ ಅವನೊಬ್ಬನದೇ ವೋಟು ಅಂತ ಕಾಣುತ್ತೆ. ಅದಕ್ಕೇ ಸೋಲ್ತಾ ಇದೀವಿ."

ಸಂಕಿರಣದ ಕೊನೆಗೆ ಒಂದು ನಿರ್ಣಯವಾಯಿತು. ಬೂಟಿನದಲ್ಲ. ಪವಿತ್ರ ಗುರುವಾರದ ಬಲಿಪೂಜೆಯಲ್ಲಿ ಯೇಸು ಶಿಷ್ಯರ ಕಾಲು ತೊಳೆದ ನೆನಪಿಗೆ ಹನ್ನೆರಡು ಜನರ ಕಾಲು ತೊಳೆಯುವುದುಂಟು. ಪ್ರತಿವರ್ಷ ಮುಂದಿನ ಸಾಲಿನ ಗಂಡಸರು, ಕಾಲುಚೀಲ ಬಿಚ್ಚಿ, ಪೌಡರು ಹಾಕಿದ ಕಾಲು ಚಾಚುತ್ತಿದ್ದರು. ಈ ಸಲ ಕೆಲಸದವರನ್ನು ಕೂರಿಸುವುದು. ಬಿಷಪ್ಪರೇ ಬಂದು ತೊಳೆಯುವುದು. ಫೋಟೊ ತೆಗೆಯುವವರನ್ನು ಕರೆಸುವುದು.

ದೊಡ್ಡಕ್ಕನ ಹೆಸರೂ ಬಂತು. ನಾದಿನಿಯದೂ ಬಂತು.

ಪವಿತ್ರ ಗುರುವಾರದ ಸಂಜೆ, ಗುರುಗಳು ಉಡುಪು ತೊಡುವ ಕೋಣೆಯಲ್ಲಿ ಹನ್ನೆರಡು ಜನರನ್ನೂ ಬೆಂಚಿನ ಮೇಲೆ ಕೂರಿಸಿದರು. ಚರ್ಚಿನ ಕಾರ್ಯದರ್ಶಿ ಕಾಲು ಪರೀಕ್ಷೆ ಮಾಡಿದರು. ಸಭ್ಯ ಮನುಷ್ಯ, ಎಂದೂ ದನಿ ಎತ್ತಿದವರಲ್ಲ. ಕೈ ಹಿಂದಕ್ಕೆ ಕಟ್ಟಿಕೊಂಡು, ಸಂತೆಯಲ್ಲಿ ದನದ ಗೊರಸು ನೋಡುವವರ ಹಾಗೆ ಬಗ್ಗಿ ಬಗ್ಗಿ ನೋಡಿದರು.

"ಎಲ್ಲರೂ ಹೋಗಿ ಸೋಪು ಹಚ್ಚಿ ತೊಳ್ಕೊಂಡು ಬನ್ನಿ. ಉಗುರು ಕತ್ತರಿಸಿಕೊಳ್ಳಿ."

"ತೊಳೆಯೋರು ಬಿಷಪ್ಪರಲ್ವಾ ಸಾರ್?" ಅಂದಳು ನಾದಿನಿ.

"ತೊಳೆದಿರೋದನ್ನ ತೊಳೀತಾರಮ್ಮ."

ಅವರ ದೃಷ್ಟಿ ದೊಡ್ಡಕ್ಕನ ಎಡಗಾಲ ಬಟ್ಟೆಯ ಕಟ್ಟಿನ ಮೇಲೆ ನಿಂತಿತು. ಆಮೇಲೆ ಬಲಗಾಲು ನೋಡಿದರು. ಅದು ಒಡೆದಿತ್ತು, ಕೊಳೆತಿರಲಿಲ್ಲ. ಅವರಿಗೆ ಸಮಾಧಾನವಾಯಿತು.

"ಪರವಾಗಿಲ್ಲ. ಬಲಗಾಲು ಒಂದನ್ನೇ ತೊಳೆಯೋದು ಸಂಪ್ರದಾಯ. ನೀವು ಬಲಗಾಲು ಮುಂದಿಡಿ. ಎಡಗಾಲು ಸೀರೆಯೊಳಗೆ ಇರಲಿ."

ಗಂಟೆ ಬಾರಿಸುವ ಮುದುಕ ಒಳಗೆ ದೀಪಕ್ಕೆ ಎಣ್ಣೆ ಹಾಕುತ್ತಿದ್ದ. ಅವನು ತನ್ನ ಸ್ಟೂಲಿನ ಮೇಲಿನ ದಿಂಬು ತಂದು ದೊಡ್ಡಕ್ಕನ ಎಡಗಾಲ ಕೆಳಗಿಟ್ಟು ಹೋದ.

ಚರ್ಚು ತುಂಬಿತ್ತು. ಹಿಂದಿನ ಸಾಲಿನವರು ಎಂದಿನಂತೆ ಹಿಂದೆಯೇ ಇದ್ದರು. ಹನ್ನೆರಡು ಜನ ಮಾತ್ರ ಬಲಿಪೀಠದ ಮುಂದೆ, ಗವಸು ತೊಡಿಸಿದ ಕುರ್ಚಿಗಳಲ್ಲಿ. ಪಾದ ತೊಳೆಯುವುದರ ಅರ್ಥವನ್ನು ಮೈಕಿನಲ್ಲಿ ಓದುವ ಕೆಲಸ ನನ್ನದು. ಬಿಷಪ್ಪರು ಪ್ರಸಂಗದಲ್ಲಿ ವಿಮೋಚನೆಯ ಬಗ್ಗೆಯೇ ಮಾತಾಡಿದರು. ಚೆನ್ನಾಗಿ ಮಾತಾಡಿದರು. ಅಧಿಕಾರವೆಂದರೆ ಮಂಡಿಯೂರುವುದು ಅಂದರು. ಮೇಲಂಗಿ ತೆಗೆದು, ನಡುವಿಗೆ ಬಿಳಿ ಟವೆಲು ಕಟ್ಟಿ, ನಿಜವಾಗಿಯೂ ಮಂಡಿಯೂರಿದರು. ಅವರಿಗೂ ವಯಸ್ಸಾಗಿತ್ತು. ಮಂಡಿ ನೋಯುತ್ತಿರುವುದು ಕಾಣುತ್ತಿತ್ತು.

ಕಸ ಗುಡಿಸುವವನ ಕಾಲು. ಅಡಿಗೆಯವಳ ಕಾಲು. ಕಾವಲುಗಾರನ ಕಾಲು. ಹೂಜಿಯಿಂದ ತುಸು ನೀರು, ಒಂದು ಒರಸು, ಒಂದು ಮುತ್ತು. ಕ್ಯಾಮೆರಾ ಮಿಂಚು.

ದೊಡ್ಡಕ್ಕನ ಸರದಿ ಬಂತು. ಅವಳು ಬಗ್ಗಿ ಎಡಗಾಲ ಬಟ್ಟೆ ಬಿಚ್ಚಿದಳು. ಅವಸರ ಮಾಡಲಿಲ್ಲ. ಬಟ್ಟೆಯನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡಳು. ಎಡಗಾಲು ಮುಂದಿಟ್ಟಳು.

ಮುಂದಿನ ಸಾಲಿನ ಹೆಂಗಸೊಬ್ಬಳು ಮೂಗಿಗೆ ಸೆರಗು ಹಿಡಿದಳು.

ಕಾರ್ಯದರ್ಶಿ ಬೆನ್ನು ಬಗ್ಗಿಸಿ ಓಡಿ ಬಂದರು. "ಬಲಗಾಲು. ಬಲಗಾಲಮ್ಮ."

"ಬಲಗಾಲು ಚೆನ್ನಾಗಿದೆ ಸಾರ್. ಕಾಯಿಲೆ ಇರೋದು ಇದಕ್ಕೆ."

ಬಿಷಪ್ಪರು ಮೆಲ್ಲಗೆ, ಮಗುವಿಗೆ ಹೇಳುವ ಹಾಗೆ, "ಸಂಪ್ರದಾಯ ಬಲಗಾಲಿಗೆ, ತಾಯಿ" ಅಂದರು.

"ನಾನು ಎರಡೂ ಕಾಲಲ್ಲಿ ನಿಲ್ತೀನಿ ಸ್ವಾಮಿ, ನಿಮ್ಮ ಆಸ್ಪತ್ರೆ ನೀರಲ್ಲಿ."

ಬಿಷಪ್ಪರು ಅವಳ ಕಾಲನ್ನೇ ನೋಡಿದರು. ಆಮೇಲೆ ಹೂಜಿ ಎತ್ತಿದರು. ಎತ್ತಿದರು ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ದೊಡ್ಡಕ್ಕ ಕಾಲನ್ನು ಹಿಂದಕ್ಕೆ ಎಳೆದುಕೊಂಡಳು.

"ಬೇಡ. ನೀರು ಹಾಕ್ಬೇಡಿ. ನೀರಿಂದಲೇ ಹೀಗಾಗಿರೋದು. ನಿಮ್ಮ ಡಾಕ್ಟ್ರೇ ಹೇಳಿದಾರೆ. ತೊಳೀಬೇಡಿ ಸ್ವಾಮಿ, ಬೂಟು ಕೊಡಿಸಿ. ಇವತ್ತು ಮುತ್ತು ಕೊಟ್ಟು ನಾಳೆ ಅದೇ ನೀರಿಗೆ ಇಳಿಸೋದಾದ್ರೆ ಈ ಮುತ್ತು ಯಾರಿಗೆ? ಆ ಫೋಟೊದವರಿಗಾ?"

ಕೂಗಿ ಹೇಳಲಿಲ್ಲ. ಆದರೆ ಚರ್ಚಿನ ಗೋಡೆಗಳು ಸಣ್ಣ ದನಿಯನ್ನೂ ಹಿಂದಿನವರೆಗೆ ಒಯ್ಯುವಂತೆ ಕಟ್ಟಿದ ಗೋಡೆಗಳು. ಹಿಂದಿನ ಸಾಲಿನಲ್ಲಿ ಯಾರೋ ಎದ್ದು ನಿಂತರು. ಮತ್ತೆ ಕೆಲವರು ನಿಂತರು. ಕಾರ್ಯದರ್ಶಿ ನನ್ನ ಕಡೆ, ಓದಿ ಓದಿ ಎಂದು ಕೈ ಆಡಿಸಿದರು. ನಾನು ಕನ್ನಡಕ ತೆಗೆದು ಮಡಿಚಿದೆ. ದೊಡ್ಡ ಫಾದರ್ ಗಾಯನದವರಿಗೆ ಕಣ್ಣಲ್ಲೇ ಹೇಳಿದರು. ಹಾಡು ಜೋರಾಗಿ ಶುರುವಾಯಿತು.

ಬಿಷಪ್ಪರು ಹೂಜಿ ಹಿಡಿದುಕೊಂಡೇ ಮಂಡಿಯಲ್ಲಿ ಪಕ್ಕಕ್ಕೆ ಸರಿದರು. ಪಕ್ಕದ ಕುರ್ಚಿಯಲ್ಲಿ ನಾದಿನಿ. ಇಡೀ ಚರ್ಚು ಅವಳ ಕಾಲನ್ನು ನೋಡುತ್ತಿತ್ತು. ಅವಳ ಮನೆಯಲ್ಲಿ ಹಾಸಿಗೆ ಹಿಡಿದ ಗಂಡ, ದುಡಿಯುವವಳು ಅವಳೊಬ್ಬಳೇ. ಅವಳು ಅತ್ತಿಗೆಯ ಮುಖ ನೋಡಲಿಲ್ಲ. ಬಲಗಾಲು ಮುಂದಿಟ್ಟಳು. ಬಿಷಪ್ಪರು ಅದಕ್ಕೆ ಉಳಿದವರಿಗಿಂತ ಹೆಚ್ಚು ಹೊತ್ತು ಮುತ್ತಿಟ್ಟರು.

ಮರುದಿನ ಬೆಳಿಗ್ಗೆ ಆಸ್ಪತ್ರೆಯ ಗೇಟಿನಲ್ಲಿ ಕಾವಲುಗಾರ ದೊಡ್ಡಕ್ಕನನ್ನು ತಡೆದ. ಮುತ್ತಿಡಿಸಿಕೊಂಡ ಕಾಲಿನ ಕಾವಲುಗಾರ.

"ಬಿಡಬೇಡ ಅಂದಿದಾರೆ ದೊಡ್ಡಕ್ಕ. ನನ್ನ ಮೇಲೆ ಸಿಟ್ಟಾಗಬೇಡ."

"ನಿನ್ನ ಮೇಲೆ ಸಿಟ್ಟಾಗೋಕೆ ನೀನ್ಯಾವ ದೊಡ್ಡ ಮನುಷ್ಯ? ನಿಲ್ಲೋಕಾಗಲ್ಲ, ಸ್ಟೂಲು ಕೊಡು."

ಅವನು ಸ್ಟೂಲು ಕೊಟ್ಟು ತಾನು ಬಿಸಿಲಲ್ಲಿ ನಿಂತ.

ಒಳಗೆ ಹೆಂಗಸರು ತೊಟ್ಟಿಗಿಳಿಯಲಿಲ್ಲ. ನಾದಿನಿಯೂ ಇಳಿಯಲಿಲ್ಲ. ಯಾರೂ ಘೋಷಣೆ ಕೂಗಲಿಲ್ಲ. ಇಸ್ತ್ರಿ ಕೋಣೆಯ ಕಟ್ಟೆಯ ಮೇಲೆ ಕಾಲು ಒಣಗಿಸಿಕೊಂಡು ಕೂತರು, ಅಷ್ಟೆ. ರಕ್ತದ ಬಟ್ಟೆ ರಾಶಿಯಾಯಿತು. ನೊಣ ಬಂತು. ಆಪರೇಷನ್ನು ಮುಂದಕ್ಕೆ ಹೋಯಿತು. ಹಾಲಿನ ಕೆನೆಯಂಥ ಹಾಸಿಗೆಗಳ ಮೇಲೆ ರೋಗಿಗಳು ತಮ್ಮ ತಮ್ಮ ಮನೆಯ ಚಾದರ ಹಾಸಿಕೊಂಡರು. ಮದರ್ ಬಂದು ಅತ್ತರು. ನಿಮಗೆ ರೋಗಿಗಳ ಮೇಲೆ ಕರುಣೆ ಇಲ್ಲವಾ ಅಂದರು. ಹೆಂಗಸರು ಕೂತಲ್ಲೇ ಕಾಲು ಇನ್ನಷ್ಟು ಚಾಚಿದರು. ವಾರ ಕಳೆಯುವ ಮೊದಲೇ ಕರಿ ಬೂಟುಗಳು ಬಂದವು. ಮೊಣಕಾಲವರೆಗಿನವು. ಜಾರದ ಅಟ್ಟೆಯವು. ಬರಲು ಇಷ್ಟೇ ಸಾಕಾಗಿತ್ತು.

ಜೊತೆಗೆ ಒಂದು ಷರತ್ತೂ ಬಂತು. ದೊಡ್ಡಕ್ಕ ಕೆಲಸಕ್ಕೆ ಬರುವಂತಿಲ್ಲ. ಪವಿತ್ರ ವಿಧಿಗೆ ಅವಮಾನ ಮಾಡಿದವಳು. ನಾನು ಅವಳನ್ನು ಕರೆದುಕೊಂಡು ದೊಡ್ಡ ಫಾದರ್ ಬಳಿಗೆ ಹೋದೆ.

"ಕ್ಷಮೆ ಕೇಳಲಿ. ನಾನೇ ಮಾತಾಡ್ತೀನಿ," ಅಂದರು ಅವರು.

"ಯಾರ ಹತ್ರ ಫಾದರ್?" ಅಂದಳು ದೊಡ್ಡಕ್ಕ.

"ದೇವರ ಹತ್ರ."

"ಕೆಲಸ ಕಿತ್ಕೊಂಡಿದ್ದು ದೇವರಲ್ಲವಲ್ಲ. ನಮ್ಮಿಬ್ಬರ ಮಧ್ಯೆ ಇರೋದನ್ನ ನಾವು ನೋಡ್ಕೋತೀವಿ. ನೀವು ನನ್ನ ಕಾಲಿಗೆ ಏನ್ ಮಾಡ್ತೀರಿ ಹೇಳಿ."

ಅವರು ಗಡಿಯಾರ ನೋಡಿದರು.

ಹೆಂಗಸರು ಬೂಟು ಮುಟ್ಟದೆ ಅವಳ ಮನೆಯ ಮುಂದೆ ಬಂದು ನಿಂತಾಗ, ಅವಳು ಹೊಸ್ತಿಲಲ್ಲೇ ಕೂತು ಬೈದಳು. "ಹಾಕ್ಕೊಳ್ರೇ ಹೋಗಿ! ನನ್ನ ಕಾಲು ಹೋಯ್ತು ಅಂತ ನಿಮ್ಮದೂ ಕೊಳೀಲಾ? ಇಷ್ಟು ಮಾಡಿದ್ದು ಯಾಕೆ, ಆ ಬೂಟನ್ನ ಬಲಿಪೀಠದ ಮೇಲಿಟ್ಟು ಪೂಜೆ ಮಾಡೋಕಾ?" ನಾದಿನಿ ಎಲ್ಲರ ಹಿಂದೆ ನಿಂತಿದ್ದಳು. ಅತ್ತಿಗೆ ಅವಳನ್ನು ಬೈಯಲಿಲ್ಲ. ಒಂದು ಮಾತೂ ಬೈಯಲಿಲ್ಲ. ಅದು ಅವಳಿಗೆ ಹೊಡೆದ ಹಾಗಾಯಿತು. ಆಮೇಲೆ ಅವರಿಬ್ಬರಿಗೆ ಮಾತು ನಿಂತುಹೋಯಿತು.

ಚರ್ಚಿನ ಪತ್ರಿಕೆಯಲ್ಲಿ ಬೂಟಿನ ಫೋಟೊ ಬಂತು. ವಿಮೋಚನೆಯ ದಾರಿಯಲ್ಲಿ ನಮ್ಮ ಧರ್ಮಕೇಂದ್ರದ ಪುಟ್ಟ ಹೆಜ್ಜೆ ಎಂದು ಕೆಳಗೆ ಬರೆದಿದ್ದರು. ಬೂಟಿನೊಳಗೆ ಯಾರ ಕಾಲೂ ಇರಲಿಲ್ಲ. ಖಾಲಿ ಬೂಟುಗಳನ್ನು ಸಾಲಾಗಿ ನಿಲ್ಲಿಸಿ ತೆಗೆದ ಫೋಟೊ.

ಕೆಲಸ ಹೋದ ಮೇಲೆ ನಮ್ಮ ಆಸ್ಪತ್ರೆಯಲ್ಲಿ ಅವಳಿಗೆ ಔಷಧಿಯೂ ಹೋಯಿತು. ಸರ್ಕಾರಿ ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಕಪ್ಪು ಬಣ್ಣ ಕಿರುಬೆರಳಿನಿಂದ ಪಾದಕ್ಕೆ ಏರಿತ್ತು. ಬೆರಳುಗಳನ್ನೂ ಪಾದದ ಮುಂಭಾಗವನ್ನೂ ತೆಗೆದರು. ಹಿಮ್ಮಡಿ ಉಳಿಸಿದರು. ಪ್ರಜ್ಞೆ ಬಂದಾಗ ಅವಳು ಹೊದಿಕೆ ಸರಿಸಿ ಬಹಳ ಹೊತ್ತು ನೋಡಿದಳು. "ಟೀಚರಮ್ಮ," ಅಂದಳು, "ಯೇಸು ಬಂದು ತೊಳೀತೀನಿ ಅಂದ್ರೂ ಇನ್ನು ಬಲಗಾಲೇ ಚಾಚಬೇಕು ನೋಡಿ." ನಗಿಸಲು ಹೇಳಿದ್ದು. ನನಗೆ ನಗು ಬರಲಿಲ್ಲ. ಅವಳಿಗೂ ಬರಲಿಲ್ಲ.

ನಾನು ಈಗಲೂ ಚರ್ಚಿಗೆ ಹೋಗುತ್ತೇನೆ. ಹಿಂದಿನ ಸಾಲಿನಲ್ಲಿ ಕೂರುತ್ತೇನೆ. ಸಂಕಿರಣದ ಭಾಷಣಗಳನ್ನು ಪುಸ್ತಕ ಮಾಡುತ್ತಾರಂತೆ, ಅಚ್ಚಿಗೆ ಹೋಗುವ ಮೊದಲು ತಿದ್ದಿಕೊಡಿ ಎಂದು ಕಾರ್ಯದರ್ಶಿ ಕೇಳಿದರು. ಕೊಡುವುದಿಲ್ಲ ಅಂದೆ. ಕಣ್ಣು ಸರಿಯಿಲ್ಲವೇ ಎಂದು ಮರುಕದಿಂದ ಕೇಳಿದರು. ಕಣ್ಣು ಸರಿಯಾಗಿಯೇ ಇದೆ ಅಂದೆ.

ಗಾಯಕ್ಕೆ ಪಟ್ಟಿ ಬದಲಿಸಲು ದೊಡ್ಡಕ್ಕನನ್ನು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದು ಬರುವ ದಾರಿ ನಮ್ಮ ಆಸ್ಪತ್ರೆಯ ಗೇಟಿನ ಮುಂದೆಯೇ ಹಾಯುತ್ತದೆ. ಊರುಗೋಲು ಅವಳಿಗೆ ಇನ್ನೂ ಒಗ್ಗಿಲ್ಲ. ಕಂಕುಳು ಕೆಂಪಗಾಗುತ್ತದೆ. ಒಂದು ಮಧ್ಯಾಹ್ನ ಗೇಟಿನ ಎದುರು ಅವಳು ನಿಂತುಬಿಟ್ಟಳು. ಇನ್ನು ಒಂದು ಹೆಜ್ಜೆಯೂ ಆಗುವುದಿಲ್ಲ ಅಂದಳು. ರಸ್ತೆಯಾಚೆಯ ಕಲ್ಲಿನ ಮೇಲೆ ಕೂತೆವು. ಊಟದ ಬಿಡುವು. ಒಗೆಯುವ ಹೆಂಗಸರು ಗಾಳಿಗೆಂದು ಗೇಟಿನ ಹೊರಗೆ ಬಂದಿದ್ದರು. ಬೂಟುಗಳ ಸದ್ದು ಕೇಳಿಸಿತು, ತಪ್ ತಪ್ ಎಂದು. ನಮ್ಮನ್ನು ಕಂಡು ಅವರು ನಿಂತರು.

ನಾದಿನಿ ರಸ್ತೆ ದಾಟಿ ಬಂದಳು. ಸೀರೆಯ ಅಂಚು ಒದ್ದೆ. ಕೈ ಬೆಳ್ಳಗೆ ಸುಕ್ಕಾಗಿತ್ತು. ದೊಡ್ಡಕ್ಕ ಅವಳ ಮುಖ ನೋಡಲಿಲ್ಲ, ಬೂಟು ನೋಡಿದಳು.

"ಕಚ್ಚುತ್ತಾ?" ಅಂದಳು.

ನಾದಿನಿ ಇಲ್ಲವೆಂದು ತಲೆಯಾಡಿಸಿದಳು. ಕಂಕುಳಲ್ಲಿದ್ದ ಊಟದ ಡಬ್ಬಿ ಇನ್ನೂ ಬಿಚ್ಚಿರಲಿಲ್ಲ. ಅದರ ಮುಚ್ಚಳ ತೆಗೆದು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಎರಡೂ ಕೈಯಿಂದ ಡಬ್ಬಿಯನ್ನು ಅತ್ತಿಗೆಯ ಮಡಿಲಲ್ಲಿಟ್ಟಳು.